ಗಾಳಿಯ ಪಾಲು

ಹಾಸನದ ಆಯುರ್ವೇದ ಆಸ್ಪತ್ರೆ, ಹೊರರೋಗಿಗಳ ಸಾಲು.
ನನ್ನ ಚೀಟಿ ನಲವತ್ತೊಂದು.
ಚೀಟಿ ಹರಿದು ಕೊಡುವವಳು, ಅವತ್ತು ಹಿಡಿದು ಕೂತಿದ್ದೆ.

ಒಳಗೆ ಹುಡುಗಿಯಂಥ ಡಾಕ್ಟರು, ಹೆಸರು ಮೇದಿನಿ,
ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದಳು.
ತೋರುಬೆರಳ ಕೆಳಗೆ ಹಾವು ಹರಿದರೆ ವಾತ,
ನಡುಬೆರಳಿಗೆ ಕಪ್ಪೆ ಕುಪ್ಪಳಿಸಿದರೆ ಪಿತ್ತ,
ಉಂಗುರದ ಬೆರಳಿಗೆ ಹಂಸ ತೇಲಿದರೆ ಕಫ, ಅಂದಳು.
ನಿಮ್ಮಲ್ಲಿ ಹಾವೇ ಹಾವು.
ಇರಬಹುದು ತಾಯಿ, ಅಂದೆ,
ಹಾಸನ, ಬೇಲೂರು, ಚಿಕ್ಕಮಗಳೂರು,
ಹದಿನೇಳು ವರ್ಷದಿಂದ ಅದೇ ರಸ್ತೆಯಲ್ಲಿ ಹರೀತಾ ಇದೀನಲ್ಲ.

ಆಮೇಲೆ ಪ್ರಶ್ನೆಗಳು, ಅಚ್ಚು ಹಾಕಿದ ಹಾಳೆಯಿಂದ.
ಹಿಮ್ಮಡಿ ಒಡೆಯುತ್ತಾ? ಒಡೆದ ಸಂದಲ್ಲಿ ಎಂಟಾಣೆ ನಿಲ್ಲುತ್ತೆ.
ಕೀಲು ಲಟಗುಟ್ಟುತ್ತಾ? ಹಿಂದಿನ ಸೀಟಿಗೂ ಕೇಳುತ್ತೆ.
ನಿದ್ದೆ? ತೂತು ತೂತು.
ಹಸಿವು? ಒಂದು ದಿನ ಹುಲಿ, ಒಂದು ದಿನ ಇಲ್ಲವೇ ಇಲ್ಲ.
ಮರೆವು?
ಯಾರು ಎಲ್ಲಿ ಇಳೀಬೇಕು ನೆನಪಿರುತ್ತೆ,
ಒಲೆ ಆರಿಸಿದೆನಾ ಅನ್ನೋದು ಹಗರೆ ದಾಟಿದ ಮೇಲೆ ಕಾಡುತ್ತೆ.

ಕೊನೆಗೆ, ತಲೆ ಎತ್ತದೆ:
ಕನಸಲ್ಲಿ ಹಾರ್ತೀರಾ?

ಪೆನ್ನು ಕಾಯುತ್ತಿತ್ತು.
ಎಷ್ಟಾಯ್ತು ಅಂತ ಕೇಳಿದವರುಂಟು, ಚಿಲ್ಲರೆ ಎಲ್ಲಿ ಅಂತ,
ಗಂಡ ಏನ್ಮಾಡ್ತಾನೆ ಅಂತ.
ಇದನ್ನು ಮಾತ್ರ ಯಾರೂ.
ಹೂಂ, ಅಂದೆ. ಬಸ್ಸೇ ಹಾರುತ್ತೆ ಡಾಕ್ಟ್ರೇ.
ಯಗಚಿ ಸೇತುವೆ ಮೇಲೆ ಚಕ್ರ ನೆಲ ಬಿಡುತ್ತೆ,
ನಾನು ಶಿಳ್ಳೆ ಊದ್ತೀನಿ, ಡ್ರೈವರ್ ಇರ್ಷಾದಣ್ಣನಿಗೆ ಕೇಳೋದೇ ಇಲ್ಲ.
ಕೆಳಗೆ ಕೈ ಅಡ್ಡ ಹಿಡಿದು ನಿಂತವರು ಚುಕ್ಕಿ ಚುಕ್ಕಿ.
ಅವಳು ನಗಲಿಲ್ಲ. ಒಂದು ಸರಿ ಗುರುತು ಹಾಕಿದಳು.

ಹುಟ್ಟುವಾಗಲೇ ಗಾಳಿಯ ಪಾಲು ಜಾಸ್ತಿ ತಂದಿದೀರಿ,
ಅದು ಪ್ರಕೃತಿ, ರೋಗ ಅಲ್ಲ, ತೆಗೆಯೋಕಾಗಲ್ಲ.
ದಾರಿಯಲ್ಲಿ ಹತ್ತಿಕೊಂಡ ಗಾಳಿ ಮಾತ್ರ ಇಳಿಸೋಣ.
ಎಳ್ಳೆಣ್ಣೆ ಬೆಚ್ಚಗೆ, ಅಂಗಾಲಿಗೆ.
ಬಿಸಿ ಊಟ, ಹೊತ್ತಿಗೆ ಸರಿಯಾಗಿ.
ಬೇಲೂರಲ್ಲಿ ನಿಲ್ಲೋದೇ ಹತ್ತು ನಿಮಿಷ,
ಶೌಚದ ಸಾಲಿಗೇ ಏಳು ಹೋಗುತ್ತೆ ಅಂತ ಹೇಳಲಿಲ್ಲ.
ಕಿವಿಗೆ ಹತ್ತಿ. ಆಲೂಗಡ್ಡೆ ಕಮ್ಮಿ.
ಅವರೆಕಾಯಿ ಬಿಡಿ.

ಪುಷ್ಯಮಾಸ. ಗೇಟಿನಾಚೆಗೇ
ಮೂಟೆ ಬಿಚ್ಚಿ ಗುಡ್ಡೆ ಹಾಕಿದ್ದರು, ಸೊಗಡವರೆ, ಕೈಯೆಲ್ಲ ಘಮ.
ಹಾಸನದವಳಿಗೆ ಅವರೆ ಬಿಡು ಅನ್ನೋದು
ಇರ್ಷಾದಣ್ಣನಿಗೆ ಹಾರ್ನ್ ಬಿಡು ಅಂದ ಹಾಗೆ.
ಎರಡು ಕೆಜಿ ಕೊಂಡೆ.
ಅತ್ತೆ ಚೆಲುವಮ್ಮ ಹಿತಕಿದ ಬೇಳೆ ಸಾರಿಗೆ
ಇಂಗು, ಶುಂಠಿ, ಬೆಳ್ಳುಳ್ಳಿ ಒಂದು ಕೈ ಹೆಚ್ಚಿಗೆ ಹಾಕಿ
ಮೇಲೆ ತುಪ್ಪ ಸುರಿದು ಅಂದರು:
ನಿನ್ನ ಡಾಕ್ಟ್ರು ಹುಟ್ಟೋಕೆ ಮುಂಚೆಯೇ
ಈ ಗಾಳಿಗೆ ಲಗಾಮು ಹಾಕಿದೀವಿ, ಉಣ್ಣು.

ಈಗ ಟಿಕೆಟ್ ಚೀಲದಲ್ಲಿ ಒಂದು ಎಣ್ಣೆ ಸೀಸೆ.
ಮುಚ್ಚಳ ಸಡಿಲ; ಹತ್ತರ ನೋಟಿಗೆಲ್ಲ ಎಳ್ಳಿನ ವಾಸನೆ.
ಒಬ್ಬಜ್ಜಿ ಮೂಸಿ, ಶನಿದೇವರ ದುಡ್ಡಾ ಇದು, ಅಂದಳು.
ನಂಗೂ ಒಂಚೂರು ಕೊಡು ಅಂದ ಇರ್ಷಾದಣ್ಣ.
ನಿಂದು ಬೆಂಕಿ, ನಿಂಗೆ ತೆಂಗಿನೆಣ್ಣೆ, ಅಂದೆ.
ಉದ್ದಕ್ಕೆ ಹಾರ್ನ್ ಹೊಡೆದು ಸಾಬೀತು ಮಾಡಿದ.

ಸಮ, ಸಮ ಅಂತಾಳಲ್ಲ ಆ ಹುಡುಗಿ,
ನನ್ನ ಕಾಲಿಗೆ ಅದು ಮೊದಲೇ ಗೊತ್ತು.
ಒಂದು ಕೈಲಿ ಮಷೀನು, ಒಂದು ಕೈಲಿ ದುಡ್ಡು,
ಕಂಬಿ ಹಿಡಿಯೋಕೆ ಕೈಯೇ ಉಳಿದಿಲ್ಲ.
ತಿರುವಿನಲ್ಲಿ ಬಸ್ಸು ಎಡಕ್ಕೆ ವಾಲಿದರೆ
ಸೊಂಟ ತಾನೇ ಬಲಕ್ಕೆ ಹೋಗುತ್ತೆ.
ಬೀಳೋದು ನೆಟ್ಟಗೆ ನಿಂತವನು.

ಚಿಕ್ಕಮಗಳೂರು ಡಿಪೋದಲ್ಲಿ ರಾತ್ರಿ.
ಗಿರಿಯ ಕಡೆಯಿಂದ ಗಾಳಿ, ಮುರಿದ ಕಿಟಕಿಗೆ ಹಳೇ ರೂಟ್ ಬೋರ್ಡು ಅಡ್ಡ.
ಚಮಚದಲ್ಲಿ ಎಣ್ಣೆ, ಮೇಣದಬತ್ತಿಯ ಮೇಲೆ ಹಿಡಿದು
ಹಿಮ್ಮಡಿಯ ಬಿರುಕು ಒಂದೊಂದಕ್ಕೂ ಕುಡಿಸಿದೆ.
ಬಿಸಿಲಲ್ಲಿ ಕಾದು ಹತ್ತಿದವರ ಹಾಗೆ
ಗಟಗಟ ಕುಡಿದವು.

ಆ ರಾತ್ರಿಯೂ ಹಾರಿತು ಬಸ್ಸು.
ನಾನು ಊದಿದೆ. ಕೇಳಿಸಿತು ಇರ್ಷಾದಣ್ಣನಿಗೆ.
ಕೈ ಅಡ್ಡ ಹಿಡಿದ ಒಬ್ಬೊಬ್ಬರ ಹತ್ತಿರವೂ
ನಿಲ್ಲಿಸಿ ನಿಲ್ಲಿಸಿ
ಹಾರಿಸಿದ.