ನೀರಲ್ಲಿ ನಿಂತ ಗಾಡಿ

ಎಂಬತ್ತು ಸ್ಲೈಡು, ಎರಡು ಪೀರಿಯಡ್ಡು, ಐನೂರು ವರ್ಷ.
ಹಾಸನದ ಕಲಾಶಾಲೆ: ಕೆಳಗೆ ಮೋಟಾರು ರಿವೈಂಡಿಂಗ್ ಅಂಗಡಿ,
ಮೇಲೆ ನಾವು. ಕಿಟಕಿಗೆ ಕಪ್ಪು ಬಟ್ಟೆ,
ಪರದೆ ಹರಿದು ಮೂರು ವರ್ಷ, ಸುಣ್ಣದ ಗೋಡೆಯೇ ಪರದೆ.
ತಾಮ್ರದ ತಂತಿ ಸುಟ್ಟ ವಾಸನೆಯಲ್ಲಿ
ಪ್ರತಿ ಮಾರ್ಚಿಗೆ ಇಂಗ್ಲೆಂಡಿನ ಚಿತ್ರಕಲೆ ಮುಗಿಸುತ್ತೇನೆ.

ಸುಣ್ಣದಿಂದಲೇ ಶುರು.
ಇಟಲಿಯವರು ಗೋಡೆ ತುಂಬ ದೇವರನ್ನು ಬರೆಯುವ ಹೊತ್ತಿಗೆ
ಇವರು ತಮ್ಮ ಇಗರ್ಜಿಯ ಗೋಡೆಗೆ
ಬಕೆಟ್ಟುಗಟ್ಟಲೆ ಸುಣ್ಣ ಹೊಡೆದರು.
ಸಂತರು ಒಳಗೇ ಉಳಿದರು,
ಕಣ್ಣು ಬಿಟ್ಟುಕೊಂಡೇ.

ಬರೆಯುವುದಕ್ಕೆ ಇನ್ನು ಮುಖ ಮಾತ್ರ.
ಅದಕ್ಕೂ ಹೊರಗಿನವರೇ ಬೇಕಾಯಿತು:
ಜರ್ಮನ್ ಸೀಮೆಯ ಹೋಲ್‌ಬೈನ್ ಬಂದು
ಒಬ್ಬ ರಾಜನ ಭುಜ ಅಗಲ ಮಾಡಿದ,
ಆಂಟ್‌ವರ್ಪ್‌ನ ವ್ಯಾನ್ ಡೈಕ್ ಇನ್ನೊಬ್ಬನ ಕುಳ್ಳು ಮುಚ್ಚಿದ.
ನಡುವೆ ಊರಿನವನೇ ಒಬ್ಬ, ಹಿಲಿಯಾರ್ಡ್,
ರಾಣಿಯನ್ನು ರೂಪಾಯಿ ಅಗಲದಲ್ಲಿ ಕೂರಿಸಿದ,
ಕರುವಿನ ತೊಗಲ ಮೇಲೆ. ತೊಗಲು ಮಡಿಸದಿರಲೆಂದು
ಹಿಂದೆ ಅಂಟಿಸಿದ್ದು ಇಸ್ಪೀಟೆಲೆ.
‘ಯಾವ ಎಲೆ ಸಾರ್, ರಾಣೀದಾ?’ ಹಿಂದಿನ ಬೆಂಚಿನ ಮುನೀರ.
ಎಲ್ಲ ನಕ್ಕರು. ನನಗೂ ಗೊತ್ತಿರಲಿಲ್ಲ.

ಗೇನ್ಸ್‌ಬರೋ: ಮರದಡಿ ಗಂಡ ಹೆಂಡತಿ ಒಂದು ಮೂಲೆಗೆ,
ಮಿಕ್ಕಿದ್ದೆಲ್ಲ ಅವರ ಪಹಣಿ.
ಕಂತೆ ಕಟ್ಟಿ ನಿಲ್ಲಿಸಿದೆ ಪೈರು,
ಕಟ್ಟಿದವರು ಕಾಣಿಸುವುದಿಲ್ಲ.

ಟರ್ನರ್ ಬಂದಾಗ ಕರೆಂಟು ಹೋಯಿತು.
ಹಳದಿ ಮಾತ್ರ ರೆಪ್ಪೆಯೊಳಗೆ
ಸ್ವಲ್ಪ ಹೊತ್ತು ಉರಿಯಿತು.
ಕತ್ತಲಲ್ಲೇ ಹೇಳಿದೆ: ಆ ಹಳದಿ ನಮ್ಮ ಕಡೆಯದಂತೆ,
ಬಿಹಾರದ ಹಸುಗಳಿಗೆ ಬರೀ ಮಾವಿನೆಲೆ ತಿನ್ನಿಸಿ
ಗಂಜಳ ಕಾಸಿ ತೆಗೆದದ್ದಂತೆ, ಖಾತರಿ ಯಾರಿಗೂ ಇಲ್ಲ.
ದುದ್ದದ ಚನ್ನಿಗರಾಯ, ನಾಲ್ಕಕ್ಕೆದ್ದು
ಡೇರಿಗೆ ಹಾಲು ಹಾಕಿ ಬಸ್ಸು ಹಿಡಿಯುವವನು, ಅಂದ:
‘ಬರೀ ಮಾವಿನೆಲೇಲಿ ಹಸ ಎಷ್ಟು ದಿನ ಬದುಕ್ತದೆ ಸಾರ್?’

ಕರೆಂಟು ಬಂತು. ಕಾನ್‌ಸ್ಟೇಬಲ್.
ಹೊಳೆ, ಗಿರಣಿಯ ಪಕ್ಕದ ಮನೆ,
ಮೊಣಕಾಲುದ್ದ ನೀರಲ್ಲಿ ಬರಿದಾದ ಗಾಡಿ.
ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದದ್ದನ್ನೇ ಹೇಳಿದೆ:
ಗಾಡಿ ಹೊಳೆ ದಾಟುತ್ತಿದೆ, ಮೋಡದ ಬೆಳಕು ನೋಡಿ.

‘ದಾಟ್ತಿಲ್ಲ ಸಾರ್.’
ಹೊಳೆನರಸೀಪುರದ ಗಾಡಿ ಬಡಗಿ
ಸಿಂಗ್ರಾಚಾರಿಯ ಮಗಳು ವೇದಾವತಿ,
ವರ್ಷವಿಡೀ ಹಾಜರಿ ಕೂಗಿದಾಗ ಮಾತ್ರ
ದನಿ ಕೇಳಿಸಿದವಳು.
‘ನಿಲ್ಸಿದಾರೆ. ಬೇಸಿಗೇಲಿ ಮರ ಒಣಗಿ ಕುಗ್ತದೆ,
ಪಟ್ಟಿ ಸಡಿಲಾಗಿ ಗಡಗಡ ಅಂತದೆ.
ನಮ್ಮಪ್ಪ ಹೇಮಾವತೀಲಿ ಹಿಂಗೇ ನಿಲ್ಸೋರು,
ಮರ ನೀರು ಕುಡಿದು ಉಬ್ಬೋವರೆಗೂ.
ಕುದುರೆಗೂ ಕಾಲು ತಂಪು.’

ನಾನು ಮೋಡ ನೋಡುತ್ತಿದ್ದೆ ಇಷ್ಟು ವರ್ಷ.
ಅವಳು ಚಕ್ರ ನೋಡಿದಳು.

ಆಮೇಲೆಲ್ಲ ಅವಸರ, ಗಂಟೆಗೆ ಹತ್ತೇ ನಿಮಿಷ:
ಕಲ್ಲಿನ ನಡುವೆ ತೂತು ಕೊರೆದು
ಅದೂ ಶಿಲ್ಪವೇ ಎಂದ ಮೂರ್,
ಬಾಯಿ ಬಿಡಿಸಿ ಕೂಗು ಮಾತ್ರ ಕೊಡದ ಬೇಕನ್,
ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ, ಔಷಧದ ನೀರಲ್ಲಿ,
ಉದ್ದಕ್ಕೆ ಸೀಳಿದ ಹಸು. ಪಕ್ಕದಲ್ಲಿ ಕರು, ಅದೂ ಸೀಳಿದ್ದೇ.
ಇದು ಇವತ್ತಿನದು, ಅಂದೆ, ಬಹುಮಾನ ಬಂದಿದೆ.
ಚನ್ನಿಗರಾಯ ಚೀಲ ಎತ್ತಿಕೊಂಡ.
ಬಾಗಿಲಲ್ಲಿ ತಿರುಗಿ ಕೇಳಿದ:
‘ಕರು ಎಷ್ಟು ದಿನದ್ದು ಸಾರ್?’

ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಅದೇ ಗಾಡಿ ಬಂತು.
ವೇದಾವತಿ ಎರಡು ಪುಟ ಚಕ್ರ ಬರೆದಳಂತೆ.
ಮೈಸೂರಿನಿಂದ ಬಂದ ಪರೀಕ್ಷಕರು ಕೊಟ್ಟದ್ದು ಎರಡು;
ಮೋಡದ ಸುದ್ದಿಯೇ ಇಲ್ಲ, ಅಂದರು.
ಅವರ ನೋಟ್ಸು ನಾನೇ ಬರೆದದ್ದು.
ಟೀ ತರಿಸಿದೆ. ಜಗಳ ಆಡಲಿಲ್ಲ.

ಸಂಜೆ ಟ್ರೇಯಿಂದ ನಲವತ್ತೊಂದನೇ ಸ್ಲೈಡು ತೆಗೆದು
ರಟ್ಟಿನ ಅಂಚಿಗೆ ಸಣ್ಣ ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ:
ಬೇಸಿಗೆ. ಗಾಡಿ ನಿಂತಿದೆ.
ಮಾಹಿತಿ: ಸಿಂಗ್ರಾಚಾರಿ, ಮಗಳ ಮೂಲಕ.
ಕೆಳಗೆ ಅಂಗಡಿಯವನು ರಿಪೇರಿಯಾದ ಮೋಟಾರು
ಒಂದು ಸಲ ಓಡಿಸಿ ನೋಡಿದ,
ಸುಣ್ಣದ ಗೋಡೆ ಸ್ವಲ್ಪ ಅದುರಿತು.