ಒಂದು ಪಾವು

ಗಾಂಧಿ ಬಜಾರಿನಲ್ಲಿ ಬಳೆ ಅಂಗಡಿಗೂ ಊದುಬತ್ತಿ ಅಂಗಡಿಗೂ ನಡುವೆ
ಒಬ್ಬರೇ ನುಸುಳಬಹುದಾದ ಓಣಿ.
ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಎಂಟು ರೂಮು.
ಬೋರ್ಡಿನಲ್ಲಿ 'ವಸತಿ' ಅಳಿಸಿಹೋಗಿ
'ಗೃಹ' ಮಾತ್ರ ಉಳಿದಿದೆ.

ರಿಜಿಸ್ಟರು ಕೇಳಿತು: ಹೆಸರು, ತಂದೆ ಅಥವಾ ಗಂಡ,
ಎಲ್ಲಿಂದ, ಎಲ್ಲಿಗೆ, ಬಂದ ಕಾರಣ.
ಪುಟದ ತುಂಬ ಎಲ್ಲರದೂ ಒಂದೇ ಕಾರಣ, ಸ್ವಂತ.
ನಾನೂ ಬರೆದೆ, ಸ್ವಂತ.
ಸುಳ್ಳು.
ಈ ಬೀದಿಯ ತಕ್ಕಡಿಗಳನ್ನು ತೂಗಿ ನೋಡಲು ಬಂದವಳು ನಾನು.
ಮೊದಲೇ ಹೇಳಿದರೆ
ರಾತ್ರೋರಾತ್ರಿ ಎಲ್ಲ ತಕ್ಕಡಿಗಳೂ ಹರಿಶ್ಚಂದ್ರ.

ಪೆಟ್ಟಿಗೆ ಹೊತ್ತ ಹುಡುಗ ಮುನಾಫ್ ಓಣಿಯ ಅರ್ಧದಲ್ಲೇ ಇಳಿಸಿದ.
"ಏನಕ್ಕ, ಕಲ್ಲು ತುಂಬಿದೀರಾ?"
ಕಲ್ಲೇ ಕಣೋ. ತೂಕದ ಕಲ್ಲು.
ಐದು ಕಿಲೋದಿಂದ ಒಂದು ಗ್ರಾಮಿನವರೆಗೆ
ಮಖಮಲ್ಲಿನ ಗೂಡುಗಳಲ್ಲಿ ಮಲಗಿದ ಹಿತ್ತಾಳೆಯ ಸಂಸಾರ.

ನಾಲ್ಕನೇ ನಂಬರು. ಗೋಡೆ ಮೊಳದಷ್ಟು ದಪ್ಪ,
ಆದರೂ ಊದುಬತ್ತಿ ಒಳಗೆ ಬರುತ್ತದೆ.
ತೊಲೆಯ ಕಬ್ಬಿಣದ ಕೊಂಡಿಯಿಂದ ಫ್ಯಾನು ಇಳಿಬಿದ್ದಿದೆ.
ಆ ಕೊಂಡಿ ಫ್ಯಾನಿಗೆಂದು ಹುಟ್ಟಿದ್ದಲ್ಲ,
ನನಗೆ ಗೊತ್ತಾಗುತ್ತದೆ. ಮೂಟೆ ತೂಗಿದ ಕೊಂಡಿ.

ಎರಡನೇ ದಿನ ಬೀದಿಗೆಲ್ಲ ಸುದ್ದಿ.
ಬೆಲ್ಲದಂಗಡಿಯ ತಟ್ಟೆಯಡಿ ಅಯಸ್ಕಾಂತ ಸಿಕ್ಕಿತು, ಕೇಸು ಬರೆದೆ.
ಹೂವಿನವಳ ಮೊಳ ಮಾತ್ರ ನನ್ನ ಕಾನೂನಿನಲ್ಲಿ ಇಲ್ಲ,
ಅವಳ ಮೊಣಕೈ ಅವಳದು.

ಕೊನೆಯ ರಾತ್ರಿ ಮುರಿಗೆಪ್ಪನವರು ಬಾಗಿಲು ತಟ್ಟಲಿಲ್ಲ, ಕೆಮ್ಮಿದರು.
ಕೈಯಲ್ಲೊಂದು ಹಿತ್ತಾಳೆ ಸೇರು, ಒಂದು ಪಾವು,
ಪಂಚೆಯ ಮಡಿಲಲ್ಲಿ ಅಕ್ಕಿ.
"ನಮ್ಮಜ್ಜನವು. ಇಲ್ಲೇ ಮಂಡಿ ಇತ್ತು.
ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ಪೂಜೆಗಿಡ್ತೀವಿ.
ಅಳೆದು ನೋಡಿಲ್ಲ ಯಾವತ್ತೂ.
ಹೆಂಗೂ ನೀವು ಬಂದೀರಲ್ಲ."

ಕಚೇರಿ ಸಮಯ ಮುಗಿದಿದೆ ಅನ್ನಬಹುದಿತ್ತು.
ಪೇಪರು ಹಾಸಿದೆ.
ಪಾವು ತುಂಬಿ, ಬೆರಳಿಂದ ತಲೆ ಸವರಿ, ಸೇರಿಗೆ ಸುರಿದು
ಒಂದು ಎಂದೆ.
"ಒಂದು ಅನ್ನಬಾರದು, ಲಾಭ ಅನ್ನಿ."

ಲಾಭ. ಎರಡು. ಮೂರು. ನಾಲ್ಕು.

ನಾಲ್ಕು ಪಾವಿಗೆ ಸೇರು ತುಂಬಬೇಕು. ತುಂಬಲಿಲ್ಲ.
ಕಂಠದ ಕೆಳಗೆ ಎರಡು ಬೆರಳು ಖಾಲಿ.
ಮತ್ತೆ ಅಳೆದೆ.
ಎರಡು ಬೆರಳು.

ಪಾವು ಸಣ್ಣದೋ ಸೇರು ದೊಡ್ಡದೋ
ಹೇಳಲು ನನ್ನ ಪೆಟ್ಟಿಗೆಗೆ ಒಂದು ನಿಮಿಷ ಸಾಕು.
ತೆರೆಯಲಿಲ್ಲ.

ಅವರು ಕೊಂಡಿ ನೋಡುತ್ತಿದ್ದರು.
"ತಗೊಳ್ಳೋದು ಸೇರಲ್ಲಿ. ಕೊಡೋದು ಪಾವಲ್ಲಿ."
ಆಮೇಲೆ ನಕ್ಕರು:
"ಸೇರಿಗೆ ಸವ್ವಾಸೇರು ಅಂತಾರಲ್ಲ,
ಅದು ನಮ್ಮ ದೇವರ ಗೂಡಲ್ಲೇ ಇತ್ತು ನೋಡಿ."
ಆ ನಗುವೂ ನಾಲ್ಕು ಪಾವು ತುಂಬಲಿಲ್ಲ.

ಪಾವಿನ ತಳದಲ್ಲೊಂದು ನೆಗ್ಗಿತ್ತು, ಒಳಮುಖ.
ಎಲ್ಲೋ ಬಿದ್ದಾಗ ಆಗಿರಬಹುದು ಎಂದೆ.
"ಆಗಿರಬಹುದು" ಎಂದರು.
ಆ ಮಾತನ್ನು ಇಬ್ಬರೂ ತೂಗಲಿಲ್ಲ.
ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯ್ದುಕೊಂಡು ಹೋದರು.

ನಿದ್ದೆ ಬರಲಿಲ್ಲ. ಫ್ಯಾನು ಕಿರುಗುಡುತ್ತಿತ್ತು.
ಅಮ್ಮ ನೆನಪಾದಳು.
ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದರೆ
ಗೋಪುರ ಬರುವಷ್ಟು ತುಂಬಿ ಹಿಂದಿರುಗಿಸುತ್ತಿದ್ದಳು.
ಇಲಾಖೆಯ ಲೆಕ್ಕದಲ್ಲಿ
ಅದೂ ತಪ್ಪು ಅಳತೆಯೇ.

ಬೆಳಿಗ್ಗೆ ಗಲ್ಲಾದ ಮೇಲೆ ಸೇರು ಇರಲಿಲ್ಲ.
ಪಾವು ಇತ್ತು, ಚಿಲ್ಲರೆ ತುಂಬಿಕೊಂಡು.
ಕೈಹಾಕಿ ನನ್ನ ಬಾಕಿ ತೆಗೆದುಕೊಟ್ಟರು.
ನೋಡದೆ ಪರ್ಸಿಗೆ ಸುರಿದು ಓಣಿಗಿಳಿದೆ.
ಮುಂದೆ ಮುನಾಫ್, ಪೆಟ್ಟಿಗೆ, ಬೆಳಕಿನ ಒಂದು ಸೀಳು.

"ಮೇಡಂ," ಹಿಂದಿನಿಂದ ಕೂಗಿದರು,
"ಎಣಿಸ್ಕೊಳ್ಳಿ."

ನಿಂತು, ಅವರಿಗೆ ಕೇಳುವ ಹಾಗೆ, ಎಣಿಸಿದೆ.
ಲಾಭ. ಎರಡು. ಮೂರು.