ಮೂರ ಕಡ್ಡಿ, ಒಂದ ಟೊಪ್ಪಿಗಿ

ಹಳೇ ಧೋತರದಾಗ ಗಂಟ ಕಟ್ಟಿಸಿಕೊಂಡು
ಟಾಂಗಾಕೂಟದ ಹಿಂದಿನ ನನ್ನ ಅಂಗಡಿಗೆ ಆ ಕಂಪ್ಯೂಟರ್ ಬಂತು,
ಆಟೋದಾಗ, ಅಣ್ಣ-ತಂಗಿ ನಡುವ ಕುಂತು.
ಇಳದ ಮ್ಯಾಲ ಬಾಡಿಗಿ ಕೊಡಾಕ
ಇಬ್ಬರೂ ಬ್ಯಾರೆ ಬ್ಯಾರೆ ಪಾಕೀಟು ತಗದ್ರು.

ಬೆಟಗೇರಿಯ ಏಕನಾಥಸಾ ಬಾಕಳೆ, ಎಂಟ ಮಗ್ಗದ ಧಣಿ.
ತಂಗಿ ಅಂಬುಬಾಯಿ, ಗಜೇಂದ್ರಗಡದ ಸೊಸಿ.
"ಸೀರಿ ದಡಿ ಎಲ್ಲಾ ಇದರಾಗ ಅದಾವು" ಅಂದ್ಲು ಆಕಿ.
"ನಾ ಬರದ ದಡಿ" ಅನ್ನೂದನ್ನ ನುಂಗಿದ್ಲು.

ಗುಂಡಿ ಒತ್ತಿದೆ. ಫ್ಯಾನು ಕೆಮ್ಮಿತು.
ಇನ್ನೂ ಹೊಸ್ತಿಲದಾಗ ಇದ್ವಿ,
ಕರೀ ಪರದೆ ಮ್ಯಾಲ ಒಂದ ಸಣ್ಣ ನೀಲಿ ಚೌಕ.
ಯಾರು ನೀನು ಅಂತ ಕೇಳಲಿಲ್ಲ ಅದು,
ಮಾತು ಹೇಳು ಅಂತಷ್ಟ ಕೇಳಿತು.

"ಏನ ಹಾಕೀರಿ ಅಣ್ಣಾರ?"
"ಆರ ವರ್ಷ ಆತವಾ. ಸಿಟ್ಟಿನಾಗ ಹಾಕಿದ್ದು."
ಯಾರ ಮ್ಯಾಲಿನ ಸಿಟ್ಟು ಅಂತ ನಾ ಕೇಳಲಿಲ್ಲ.
ಬೆಂಚಿನ ಆ ತುದಿ, ಈ ತುದಿ ನೋಡಿದರ ಸಾಕಾಗಿತ್ತು.

ದೇವರ ಹೆಸರು ಹಾಕಿದ್ವಿ. ಮಗ್ಗದ ನಂಬರು.
ಗುಜರಿಗೆ ಹಾಕಿದ ಲೂನಾದ ನಂಬರು.
ಮೂರ ಸಲ ತಪ್ಪಿದರ ಮಾರಿ ತಿರುವತೈತಿ ಅದು,
ಬಂದ್ ಮಾಡಿ ಮತ್ತ ಚಾಲೂ ಮಾಡಬೇಕು.
ಹಂಗ ಏಳ ಸುತ್ತು.
ಆಗ ಅಂಬುಬಾಯಿ, ನೆಲಾ ನೋಡಿಕೋತ,
"ನನ್ನ ಹೆಸರ ಹಾಕಿ ನೋಡವಾ" ಅಂದ್ಲು.
ಹಾಕಿದೆ. ಸಣ್ಣ ಅಕ್ಷರದಾಗ. ದೊಡ್ಡ ಅಕ್ಷರದಾಗ.
ಅಲ್ಲ.
ಏಕನಾಥಸಾ ಬಗ್ಗಿ ಚಪ್ಪಲಿ ಉಂಗುಟ ಸರಿ ಮಾಡಿಕೊಂಡ್ರು.

ಕಡೀಗೆ ತಿರುಪು ಬಿಚ್ಚಿದೆ.
ಒಳಗ ಧೂಳಲ್ಲ, ನೂಲಿನ ಹಿಂಜು:
ಕೆಂಪು, ಎಲಿಹಸರು, ಒಂದೆರಡ ಎಳಿ ಜರಿ.
ಮದರ್‌ಬೋರ್ಡಿನ ಮೂಲ್ಯಾಗ ನಾಕಾಣಿಯಂಥಾ ಸೆಲ್ಲು.
ಮೀಟರ್ ಹಿಡದೆ: ಎರಡು ಪಾಯಿಂಟ್ ಎಂಟು.
ಕರೆಂಟ ಇರಲಿ ಬಿಡಲಿ, ಆರ ವರ್ಷ
ಆ ಸಿಟ್ಟನ್ನ ಕಾಯ್ದದ್ದು ಇದ.
"ಎಷ್ಟ ಸಣ್ಣದೈತಲ್ಲ" ಅಂದ್ಲು ಅಂಬುಬಾಯಿ.

ಉಗುರಿಲೆ ಎಬ್ಬಿಸಿ ತಗದೆ.
ಬಾಜೂಕ ಮೂರ ಕಡ್ಡಿ, ಎರಡರ ತಲಿ ಮ್ಯಾಲ ಒಂದ ಟೊಪ್ಪಿಗಿ;
ಅದನ್ನ ಒಂದ ಮನಿ ಆಚೆ ಸರಿಸಿದೆ.
"ಈಗ?"
"ಈಗ ಕಾಯಬೇಕ್ರಿ. ಮರೀಲಿಕ್ಕೆ ಅದಕ್ಕೂ ಹೊತ್ತ ಬೇಕು."

ಗಿರ್ಮಿಟ್ ತರಿಸಿದೆ. ಎರಡ ಪೊಟ್ಟಣ, ಮೂರ ಮಂದಿ.
ಅವರು ತಮ್ಮ ಮನಿ ಮಾತಿನಾಗ ಏನೋ ಆಡಿಕೊಂಡ್ರು.
ಅದ ಓಣ್ಯಾಗ ಬೆಳದಾಕಿ ನಾ,
ಆ ಮಾತಿನ ಅರ್ಧಾ ಶಬ್ದ ನನಗ ಬರತಾವು;
ಅವತ್ತ ಅವರು ಬರದ ಅರ್ಧದಾಗ ಮಾತಾಡಿದ್ರು.

ಟೊಪ್ಪಿಗಿ ಮೊದಲಿನ ಜಾಗಾಕ್ಕ. ಹೊಸಾ ಸೆಲ್ಲು. ಗುಂಡಿ.
ನೀಲಿ ಚೌಕ ಬರಲಿಲ್ಲ.
ತಾರೀಖು ಬಂತು: ಒಂದನೇ ಜನೇವರಿ, ಎರಡ ಸಾವಿರದ ಎರಡು.
"ತಪ್ಪೈತಿ" ಅಂದ್ರು ಏಕನಾಥಸಾ.
"ಅದಕ್ಕ ಗೊತ್ತಿರೂದ ಅಷ್ಟರಿ."
"ಎರಡರಾಗ ನಂದಿನ್ನೂ ಲಗ್ನಾ ಆಗಿದ್ದಿಲ್ಲ" ಅಂದ್ಲು ಅಂಬುಬಾಯಿ,
ಯಾರಿಗಂತ ಅಲ್ಲ.
ಆಗ ಹದಿನಾರ ಮಗ್ಗ ಇದ್ದುವಂತ.

ದಡಿ ಒಂದೊಂದ ತಗದುವು. ಗೋಮಿ. ರುದ್ರಾಕ್ಷಿ.
ಹೆಸರಿಡದ ಇನ್ನೊಂದು, ಹಳದಿ ಚೌಕದ ಸಾಲು,
ನಡುವ ಒಂದ ಚೌಕ ತಪ್ಪಿ ಕೆಂಪ ಬಿದ್ದೈತಿ.
"ಇದನ್ನ ತಿದ್ದಬೇಕಂತ ಮಾಡಿದ್ದೆ."
"ತಪ್ಪಿನ ಕೂಡ ನಾಕನೂರ ಸೀರಿ ಹ್ವಾದವು" ಅಂದ್ರು ಅಣ್ಣ.
"ಒಬ್ಬರೂ ಕೇಳಿಲ್ಲ."

ಇಬ್ಬರಿಗೂ ಒಂದೊಂದ ಪೆನ್‌ಡ್ರೈವ್ ತುಂಬಿ ಕೊಟ್ಟೆ.
ಸೆಲ್ಲಿಗೆ ನಲವತ್ತು, ಕೆಲಸಕ್ಕ ಎರಡನೂರು.
"ಟೊಪ್ಪಿಗಿ ಸರಿಸಿದ್ದಕ್ಕ ಎರಡನೂರ ಏನವಾ?"
ಯಾವ ಟೊಪ್ಪಿಗಿ ಅಂತ ಗೊತ್ತಿರೂದಕ್ಕ ನೂರಾತೊಂಬತ್ತರಿ, ಅಂದೆ.
"ಹೊಸಾ ಪಾಸ್‌ವರ್ಡ್ ಹಾಕ್ಲ್ಯಾ?"
ಅಣ್ಣ ತಂಗೀನ ನೋಡಿದ್ರು.
ಅಷ್ಟರಾಗ ಆಟೋದಾಂವ ಹಾರ್ನ್ ಹೊಡದ.

ಆ ಶಬ್ದ ಏನಿತ್ತಂತ ಕಡೀತನಕ ತಿಳೀಲಿಲ್ಲ.
ಮತ್ತ, ತಾರೀಖು ಸರಿ ಮಾಡೂದ ಮರತೆ ನಾನು.
ಬೆಟಗೇರಿಯ ಆ ಕ್ವಾಣ್ಯಾಗ ಈಗ
ಎರಡ ಸಾವಿರದ ಎರಡರ ಫೆಬ್ರುವರಿ ನಡದಿರಬೇಕು.
ಫೋನ್ ಮಾಡಿ ಹೇಳಬೇಕು.
ನಾಳೆ ಮಾಡತೀನಿ.